ಕೆಂಪು ಹದ್ದಿನ ಕಡತ ಇನ್ನಾದರೂ ತೆರೆಯಲಿ

1962ರ ಚೀನಾ ಯುದ್ಧದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ವಾದಗಳು ಕೇಳಿಬರುತ್ತವೆ. ಎಲ್ಲವೂ ನೆಹರೂ ಮತ್ತು ಕೃಷ್ಣ ಮೆನನ್ ಅವರ ತಪ್ಪು ಎಂಬುದು ಒಂದು. ಸೈನಿಕರು ನಿಂತು ಹೋರಾಡಲಿಲ್ಲ ಎಂಬುದು ಇನ್ನೊಂದು. ಇವು ಎಷ್ಟು ಅಪೂರ್ಣ ಎಂಬುದನ್ನು ತಿಳಿಯಲು, ಅಂದು ಈಶಾನ್ಯ ಗಡಿಯಲ್ಲಿ ಛಿದ್ರವಾದ ನಾಲ್ಕನೇ ಪದಾತಿ ಡಿವಿಷನ್ನಿನ ಯುದ್ಧಚರಿತ್ರೆಯನ್ನು ಗಮನಿಸಿದರೆ ಸಾಕು.

ಕೆಂಪು ಹದ್ದಿನ ಲಾಂಛನ ಹೊತ್ತ ಈ ಡಿವಿಷನ್ ಎರಡನೇ ಮಹಾಯುದ್ಧದಲ್ಲಿ ಜಗತ್ಪ್ರಸಿದ್ಧವಾಗಿತ್ತು. 1940ರ ಡಿಸೆಂಬರ್‌ನಲ್ಲಿ ಈಜಿಪ್ಟಿನ ಸಿದಿ ಬರಾನಿಯಲ್ಲಿ ಇಟಲಿಯ ಸೈನ್ಯವನ್ನು ಸೋಲಿಸುವಲ್ಲಿ ಅದರ ಪಾತ್ರ ಹಿರಿದು. ಎರಿಟ್ರಿಯಾದ ಕೆರೆನ್ ಬೆಟ್ಟಸಾಲಿನಲ್ಲಿ 1941ರ ಫೆಬ್ರುವರಿಯಲ್ಲಿ ನಡೆಸಿದ ಮೊದಲ ದಾಳಿಗಳು ವಿಫಲವಾದವು. ಸೇನಾನಾಯಕರು ಹಠಕ್ಕೆ ಬೀಳದೆ ಒಂದು ತಿಂಗಳು ತಡೆದು, ಮದ್ದುಗುಂಡು ಮತ್ತು ಆಹಾರವನ್ನು ಸಂಗ್ರಹಿಸಿ, ಐದನೇ ಡಿವಿಷನ್ನನ್ನು ಜತೆಗೂಡಿಸಿಕೊಂಡು ಮತ್ತೆ ದಾಳಿ ಮಾಡಿದರು. ಮಾರ್ಚ್ 27ರಂದು ಕೆರೆನ್ ಬಿದ್ದಿತು. ಆದರೆ 1944ರಲ್ಲಿ ಇಟಲಿಯ ಮಾಂಟೆ ಕ್ಯಾಸಿನೊದಲ್ಲಿ ಇದೇ ಡಿವಿಷನ್ ಅಪಾರ ಸಾವುನೋವು ಅನುಭವಿಸಿತಾದರೂ ಬೆಟ್ಟದ ಮೇಲಿನ ಮಠವನ್ನು ವಶಪಡಿಸಿಕೊಳ್ಳಲಾಗಲಿಲ್ಲ. ಶೌರ್ಯವೊಂದರಿಂದಲೇ ಯುದ್ಧ ಗೆಲ್ಲಲಾಗದು ಎಂಬ ಪಾಠ ಅಂದೇ ಸಿಕ್ಕಿತ್ತು.

ಸ್ವಾತಂತ್ರ್ಯಾನಂತರ ಈ ಡಿವಿಷನ್ ಪಂಜಾಬಿನ ಬಯಲಿನ ಯುದ್ಧಕ್ಕೆಂದು ಅಣಿಗೊಂಡಿತ್ತು. ಐವತ್ತರ ದಶಕದಲ್ಲಿ ಅಂಬಾಲಾದಲ್ಲಿ ವಸತಿಗೃಹಗಳನ್ನು ಕಟ್ಟುವ ಕೆಲಸಕ್ಕೂ ಅದರ ಸೈನಿಕರನ್ನು ಹಚ್ಚಲಾಗಿತ್ತು. 1959ರಲ್ಲಿ ಅದನ್ನು ಹಿಮಾಲಯದ ಗಡಿಗೆ ಸಾಗಿಸಲಾಯಿತು. 1962ರ ಅಕ್ಟೋಬರ್‌ನಲ್ಲಿ ಅದರ ಏಳನೇ ಬ್ರಿಗೇಡ್, ಬ್ರಿಗೇಡಿಯರ್ ಜಾನ್ ದಳವಿ ಅವರ ನೇತೃತ್ವದಲ್ಲಿ, ನಾಮ್ಕಾ ಚೂ ಹೊಳೆಯ ದಂಡೆಯಲ್ಲಿ ಚದುರಿಹೋಗಿತ್ತು. ಎದುರಿನ ಥಾಗ್ಲಾ ಏಣಿನ ಎತ್ತರದಲ್ಲಿ ಶತ್ರು. ವಾಹನ ಸಂಚಾರದ ರಸ್ತೆ ಹಲವು ದಿನಗಳ ನಡಿಗೆಯಷ್ಟು ದೂರ. ವಿಮಾನದಿಂದ ಇಳಿಬಿಟ್ಟ ಸಾಮಗ್ರಿಯಲ್ಲಿ ಬಹುಪಾಲು ಕಣಿವೆಗಳ ಪಾಲಾಯಿತು. ಅನೇಕರ ಮೈಮೇಲಿದ್ದುದು ಬೇಸಿಗೆಯ ಹತ್ತಿ ಬಟ್ಟೆ. ಅಕ್ಟೋಬರ್ 20ರ ಮುಂಜಾನೆ ಚೀನಾ ದಾಳಿ ಮಾಡಿತು. ಕೆಲವೇ ಗಂಟೆಗಳಲ್ಲಿ ಬ್ರಿಗೇಡ್ ನಾಶವಾಯಿತು, ದಳವಿ ಸೆರೆಯಾದರು. ನವೆಂಬರ್‌ನಲ್ಲಿ ಸೇಲಾ ಕಣಿವೆದಾರಿಯನ್ನು ಕಾಯುತ್ತಿದ್ದ 62ನೇ ಬ್ರಿಗೇಡ್, ಹಿಂದಿನ ರಸ್ತೆಯನ್ನು ಶತ್ರು ಕಡಿದ ಮೇಲೆ, ಗೊಂದಲದ ಆದೇಶಗಳ ನಡುವೆ ಹಿಂದೆ ಸರಿಯಿತು. ಅದರ ಬ್ರಿಗೇಡಿಯರ್ ಹೋಶಿಯಾರ್ ಸಿಂಗ್ ಹಿಮ್ಮೆಟ್ಟುವ ಹಾದಿಯಲ್ಲೇ ಹತರಾದರು.

ಮೂರು ವರ್ಷ ತುಂಬುವ ಮೊದಲೇ, 1965ರ ಸೆಪ್ಟೆಂಬರ್‌ನಲ್ಲಿ, ಪರ್ವತ ಡಿವಿಷನ್ನಾಗಿ ಪುನಾರಚನೆಗೊಂಡಿದ್ದ ಇದೇ ಪಡೆ ಪಂಜಾಬಿನ ಖೇಮ್‌ಕರಣ್ ವಲಯದಲ್ಲಿತ್ತು. ಅದರ ಬಳಿ ಇದ್ದುದು ಎರಡೇ ಬ್ರಿಗೇಡುಗಳು: ನಾಮ್ಕಾ ಚೂವಿನ ಏಳನೆಯದು, ಸೇಲಾದ 62ನೆಯದು. ಮೊದಲ ದಾಳಿ ಇಲ್ಲೂ ಕೈಕೊಟ್ಟಿತು. ಆದರೆ ಮೇಜರ್ ಜನರಲ್ ಗುರುಬಕ್ಷ್ ಸಿಂಗ್ ಅವರು ಪಡೆಯನ್ನು ಅಸಲ್ ಉತ್ತರ್ ಗ್ರಾಮದ ಸುತ್ತ ತಾವೇ ಆಯ್ದ ನೆಲಕ್ಕೆ ಹಿಂದೆಗೆದುಕೊಂಡರು. ಹೊಲಗಳಿಗೆ ನೀರು ಹರಿಸಲಾಯಿತು, ಕಬ್ಬಿನ ಗದ್ದೆಗಳ ಮರೆಯಲ್ಲಿ ಟ್ಯಾಂಕುಗಳು ಹೊಂಚು ಹಾಕಿದವು. ನಮ್ಮ ಲೆಕ್ಕದ ಪ್ರಕಾರ ಪಾಕಿಸ್ತಾನ ಅಲ್ಲಿ ಸುಮಾರು 97 ಟ್ಯಾಂಕುಗಳನ್ನು ಕಳೆದುಕೊಂಡಿತು. ಜೀಪಿನ ಮೇಲಿನ ತೋಪಿನಿಂದ ಟ್ಯಾಂಕುಗಳನ್ನು ಹೊಡೆದು ಪ್ರಾಣಾರ್ಪಣೆ ಮಾಡಿ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ನಾಲ್ಕನೇ ಗ್ರೆನೇಡಿಯರ್ಸ್‌ನವರು. ಆ ಬೆಟಾಲಿಯನ್ನೂ ನಾಮ್ಕಾ ಚೂವಿನಲ್ಲಿ ಇದ್ದುದೇ.

ಹಾಗಾದರೆ ಬದಲಾದದ್ದೇನು? ಸೈನಿಕನ ಎದೆಗಾರಿಕೆಯಂತೂ ಅಲ್ಲ. ಎರಡೂ ಕಡೆ ಹಿಂದೆ ಸರಿಯಲಾಯಿತು. ಒಂದೆಡೆ ಅದು ದುರಂತ, ಇನ್ನೊಂದೆಡೆ ಯುದ್ಧತಂತ್ರ. ನೆಲದ ಆಯ್ಕೆ, ಸರಬರಾಜು, ಸ್ಥಳದಲ್ಲಿದ್ದ ಸೇನಾಧಿಕಾರಿಯ ಮಾತಿಗೆ ಸಿಕ್ಕ ಬೆಲೆ ಇವೇ ಫಲಿತಾಂಶವನ್ನು ನಿರ್ಧರಿಸಿದವು. ಇವುಗಳ ಹಿಂದೆ ಹಣಕಾಸಿನ ನಿರ್ಧಾರಗಳೂ ಇದ್ದವು. ಯುದ್ಧಪೂರ್ವದಲ್ಲಿ ರಾಷ್ಟ್ರೀಯ ಉತ್ಪನ್ನದ ಶೇ 2ರ ಆಸುಪಾಸಿನಲ್ಲಿದ್ದ ರಕ್ಷಣಾ ವೆಚ್ಚ ಅನಂತರದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಉಣ್ಣೆಯ ಬಟ್ಟೆ, ರಸ್ತೆ, ಹೇಸರಗತ್ತೆ ಇವೆಲ್ಲ ರಣರಂಗಕ್ಕೆ ಬರುವ ಎಷ್ಟೋ ಮೊದಲು ಯಾವುದೋ ಕಡತದಲ್ಲಿ ಮಂಜೂರಾಗಿರುತ್ತವೆ, ಇಲ್ಲವೇ ನನೆಗುದಿಗೆ ಬಿದ್ದಿರುತ್ತವೆ. ಬದುಕಿನ ಬಹುಭಾಗವನ್ನು ಸರ್ಕಾರಿ ಕಡತಗಳ ನಡುವೆ ಕಳೆದ ನಾನು ಇದನ್ನು ಹೇಳದಿದ್ದರೆ ತಪ್ಪಾದೀತು.

ಆ ಸೋಲಿನ ಕಾರಣಗಳನ್ನು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪ್ರೇಮಿಂದ್ರ ಸಿಂಗ್ ಭಗತ್ 1963ರಲ್ಲೇ ವರದಿ ಮಾಡಿದರು. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ವರದಿಯ ಅಂಶಗಳು ಇಂದಿಗೂ ಸೂಕ್ಷ್ಮವೆಂದು 2010ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ಅದರ ದೊಡ್ಡ ಭಾಗವನ್ನು ಬಹಿರಂಗಪಡಿಸಿದ ಮೇಲೆ, ಜಗತ್ತೆಲ್ಲ ಓದಿದ್ದನ್ನು ಸ್ವಂತ ಪ್ರಜೆಗಳಿಂದ ಮುಚ್ಚಿಡುವುದರಲ್ಲಿ ಅರ್ಥವೇನು? ಯುದ್ಧ ದಾಖಲೆಗಳ ಗೋಪ್ಯತೆಯನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ತೆರವುಗೊಳಿಸುವ ನೀತಿಯನ್ನು ರಕ್ಷಣಾ ಸಚಿವಾಲಯವೇ 2021ರಲ್ಲಿ ಘೋಷಿಸಿದೆ.

ಗಡಿ ವಿವಾದ ಇನ್ನೂ ಜೀವಂತವಾಗಿದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2020ರ ಗಾಲ್ವಾನ್ ಅದನ್ನು ನೆನಪಿಸಿದೆ. ನಿಜಕ್ಕೂ ಸೂಕ್ಷ್ಮವಾದ ಸಾಲುಗಳಿದ್ದರೆ ಅವನ್ನಷ್ಟೇ ತೆಗೆದಿಡಲಿ. ಆದರೆ ವರದಿಯೊಂದನ್ನೇ ತೆರೆದರೆ ಸಾಲದು. ಸೇನಾ ಮುಖ್ಯಾಲಯದ ಕಾರ್ಯವೈಖರಿಯನ್ನು ಆ ತನಿಖೆಯ ವ್ಯಾಪ್ತಿಯಿಂದ ಹೊರಗಿಡಲಾಗಿತ್ತು; ಸಚಿವಾಲಯದ ಪಾತ್ರವೂ ಅದರ ಕೈಗೆಟಕಲಿಲ್ಲ. ಆದ್ದರಿಂದ ರಕ್ಷಣೆ ಮತ್ತು ಹಣಕಾಸು ಸಚಿವಾಲಯಗಳ ಅಂದಿನ ಕಡತಗಳೂ ರಾಷ್ಟ್ರೀಯ ಪತ್ರಾಗಾರಕ್ಕೆ ಬರಬೇಕು. ಹೊಳೆದಂಡೆಯಲ್ಲಿ ಮಡಿದ ಸೈನಿಕ ತನ್ನ ಲೆಕ್ಕವನ್ನು ರಕ್ತದಲ್ಲಿ ಒಪ್ಪಿಸಿಯಾಗಿದೆ. ದೆಹಲಿಯ ಮೇಜುಗಳು ತಮ್ಮ ಲೆಕ್ಕವನ್ನು ಒಪ್ಪಿಸುವುದು ಬಾಕಿ ಇದೆ.