ವಿಷವಿಲ್ಲವೆಂಬ ಕರುಣೆ ಸಾಲದು

"ಪಾಪ, ವಿಷವಿಲ್ಲದ ಹಾವು, ಕೊಲ್ಲಬೇಡಿ" ಎನ್ನುವವರ ಮಾತನ್ನು ನಾನು ಒಪ್ಪಲಾರೆ. ವಿಷವಿದ್ದರೆ ಕೊಲ್ಲಬಹುದೆಂಬ ಅಪ್ಪಣೆ ಆ ಕರುಣೆಯೊಳಗೇ ಅಡಗಿದೆ.

ಮಧ್ಯ ಹಾಗೂ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಡಿಪ್ಸಾಸ್, ಸೈಬಾನ್ ಎಂಬ ಕುಲಗಳ ಹಾವುಗಳಿವೆ. ಇರುಳಿನಲ್ಲಿ ಗಿಡಮರಗಳ ಮೇಲೆ ಸಂಚರಿಸುತ್ತ, ಬಸವನಹುಳುವಿನ ಮೃದುದೇಹವನ್ನು ಕೆಳದವಡೆಯಿಂದ ಚಿಪ್ಪಿನ ಹೊರಗೆಳೆದು ತಿನ್ನುತ್ತವೆ. ಮನುಷ್ಯನಿಗೆ ಇವುಗಳಿಂದ ಯಾವ ಅಪಾಯವೂ ಇಲ್ಲ. ಆದರೆ ಬೆದರಿದಾಗ ಕೆಲವು ತಲೆಯನ್ನು ತ್ರಿಕೋನಾಕಾರವಾಗಿ ಅಗಲಿಸಿ ಮಂಡಲದ ಹಾವಿನ ವೇಷ ತೊಡುತ್ತವೆ. ಶತ್ರುಗಳಿಂದ ಕಾಯಬೇಕಾದ ಆ ವೇಷವೇ ಮನುಷ್ಯನ ಕೋಲನ್ನು ಕರೆಯುತ್ತದೆ. ಕೋಲೆತ್ತಿದವನು ಕತ್ತಲಲ್ಲಿ ಹಲ್ಲು ಪರೀಕ್ಷಿಸುವನೆ? ವಿಷ ನೋಡಿ ಶಿಕ್ಷೆ ವಿಧಿಸುವ ನ್ಯಾಯವು ನಿರಪರಾಧಿಯನ್ನೂ ಉಳಿಸಲಾರದು.

ಈಕ್ವೆಡಾರ್, ಕೊಲಂಬಿಯ, ಪನಾಮಗಳ ಇಂತಹ ಐದು ಹೊಸ ಪ್ರಭೇದಗಳನ್ನು ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಒಂದಕ್ಕೆ ನಟ ಲಿಯೊನಾರ್ಡೊ ಡಿಕಾಪ್ರಿಯೊ ಅವರ ತಾಯಿಯ ಹೆಸರಿದೆ. ಗಣಿಗಾರಿಕೆಯು ಇವುಗಳ ನೆಲೆಯನ್ನೇ ನುಂಗುತ್ತಿದೆಯೆಂದು ಅವರೇ ಎಚ್ಚರಿಸಿದರು. ಅದೇ ವರ್ಷ ನವೆಂಬರಿನಲ್ಲಿ ಪನಾಮದ ಸರ್ವೋಚ್ಚ ನ್ಯಾಯಾಲಯವು ಅಲ್ಲಿನ ಬೃಹತ್ ತಾಮ್ರಗಣಿಯ ಒಪ್ಪಂದವನ್ನು ಸಂವಿಧಾನಬಾಹಿರವೆಂದು ಸಾರಿತು. ಜನರು ಬೀದಿಗಿಳಿದದ್ದು ಹಾವಿನ ಸಾಧುಸ್ವಭಾವಕ್ಕೆ ಮರುಗಿಯಲ್ಲ, ನೆಲಜಲಗಳ ಉಳಿವಿಗಾಗಿ. ಕಾಡು ಉಳಿದರೆ ವಿಷವುಳ್ಳದ್ದೂ ವಿಷವಿಲ್ಲದ್ದೂ ಒಟ್ಟಿಗೆ ಉಳಿಯುತ್ತವೆ.

ವಿಷದ ಹಾವು ಮನೆಯೊಳಗೆ ಬಂದರೆ? ದೂರ ಸರಿಯಿರಿ, ಬಲ್ಲವರನ್ನು ಕರೆಯಿರಿ. ಭಯಕ್ಕೆ ಎಚ್ಚರಿಕೆ ಸಾಕು, ಕೊಲೆ ಬೇಕಿಲ್ಲ. ಪ್ರಿಯ ಶಿಷ್ಯರೆ, ನಿಮ್ಮ ಮಕ್ಕಳಿಗೆ "ಅದು ಕಚ್ಚುವುದಿಲ್ಲ, ಬಿಟ್ಟುಬಿಡು" ಎಂದು ಕಲಿಸಬೇಡಿ. "ಅದರ ಪಾಡಿಗೆ ಅದನ್ನು ಬಿಟ್ಟುಬಿಡು" ಎಂದಷ್ಟೇ ಕಲಿಸಿ.