ಯಾವ ನಾಯಿ ಜಾಣ?

ಮಕ್ಕಳೇ, ‘ಜಾಣ ನಾಯಿ ಯಾವುದು?’ ಎಂದು ಕೇಳಿದರೆ ನಿಮ್ಮಲ್ಲಿ ಹಲವರು ಜರ್ಮನ್ ಶೆಫರ್ಡ್ ಎನ್ನುವಿರಿ. ಕೆನಡಾದ ಮನೋವಿಜ್ಞಾನಿ ಸ್ಟ್ಯಾನ್ಲಿ ಕೋರೆನ್ 1994ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಬಾರ್ಡರ್ ಕೋಲಿಗೆ ಮೊದಲ ಸ್ಥಾನ, ಜರ್ಮನ್ ಶೆಫರ್ಡ್‌ಗೆ ಮೂರನೆಯದು. ಆದರೆ ಆ ಪಟ್ಟಿಯ ಅಳತೆಗೋಲು ಏನು ಗೊತ್ತೇ? ಮನುಷ್ಯನ ಅಪ್ಪಣೆಯನ್ನು ನಾಯಿ ಎಷ್ಟು ಬೇಗ ಕಲಿತು ಪಾಲಿಸುತ್ತದೆ ಎಂಬುದು ಮಾತ್ರ.

ಜಾಣತನ ಅದೊಂದೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯನ್ನೇ ನೋಡಿ. ದೂರದ ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಅಟ್ಟಿಸಿಕೊಂಡು ಹೋಗಲು ಬೆಳೆಸಿದ ತಳಿ ಅದು. ಮೊಲ ದಿಕ್ಕು ಬದಲಿಸಿದ ಕೂಡಲೇ ತಾನೂ ತಿರುಗಬೇಕು. ಅಪ್ಪಣೆಗೆ ಕಾಯುತ್ತ ನಿಂತರೆ ಆದೀತೇ? ಹಾಗೆಂದು ಅದು ಪಾಠ ಕಲಿಯದ ನಾಯಿಯಲ್ಲ. 2016ರಲ್ಲಿ ಭಾರತೀಯ ಸೇನೆ ಮುಧೋಳ ನಾಯಿಗಳನ್ನು ಮೀರತ್‌ಗೆ ತರಬೇತಿಗಾಗಿ ಒಯ್ದಿತು.

ಗುಡೇಕೋಟೆಯ ಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಕುರಿಗಾಹಿ ನಿದ್ದೆಯಲ್ಲಿದ್ದಾಗ ರೊಪ್ಪದ ಬಳಿ ಸಣ್ಣ ಸದ್ದಾದರೂ ಬೊಗಳಿ ಎಬ್ಬಿಸುವ ನಾಯಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಅದನ್ನು ದಡ್ಡ ಎನ್ನಲಾದೀತೇ?

ಮನೆಯಲ್ಲಿ ಸಾಕಿದ ನಾಯಿಗೆ ‘ಕೂತ್ಕೋ’ ಎಂದು ಕಲಿಸಿ ನೋಡಿ. ಕೂತ ತಕ್ಷಣ ರೊಟ್ಟಿಯ ಚೂರು ಕೊಡಿ, ಹೊಡೆಯಬೇಡಿ. ಊರ ನಾಯಿಯನ್ನು ‘ಕಂತ್ರಿ’ ಎಂದು ಹೀಗಳೆಯುವ ಮುನ್ನ ಅದು ಯಾವ ಕೆಲಸದಲ್ಲಿ ಜಾಣ ಎಂದು ಗಮನಿಸಿ.