ಎರಡು ದಿನದ ಫೆಜ್

ಮೊರಾಕ್ಕೊ ದೇಶದ ಫೆಜ್ ನಗರ ಹುಟ್ಟಿದ್ದು 8ನೇ ಶತಮಾನದ ಕೊನೆಯಲ್ಲಿ. ಕೋಟೆಯೊಳಗಿನ ಹಳೆಯ ಪೇಟೆಯನ್ನು ಯುನೆಸ್ಕೊ 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿನ ಇಕ್ಕಟ್ಟಾದ ಓಣಿಗಳಲ್ಲಿ ಕಾರು ಓಡುವುದಿಲ್ಲ; ಸರಕು ಹೊರುವುದು ಕತ್ತೆ, ಹೇಸರಗತ್ತೆಗಳು. ಎರಡೇ ದಿನದಲ್ಲಿ ಎಲ್ಲವನ್ನೂ ನೋಡಹೊರಟರೆ ಯಾವುದನ್ನೂ ನೋಡಿದಂತಾಗದು. ಶುಕ್ರವಾರ ಪ್ರಾರ್ಥನೆಯ ದಿನವಾದ್ದರಿಂದ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ, ಭಾನುವಾರವೇ ಅನುಕೂಲ.

ಮೊದಲ ದಿನ ವಿದ್ಯೆಗೆ ಮೀಸಲಿರಲಿ. ಬೂ ಜೆಲೂದ್ ಎಂಬ ನೀಲಿ ಹೆಬ್ಬಾಗಿಲನ್ನು ದಾಟಿದರೆ ಹತ್ತಿರದಲ್ಲೇ 14ನೇ ಶತಮಾನದ ಬೂ ಇನಾನಿಯಾ ಮದರಸಾ ಇದೆ. ತಲಾ ಕಬೀರಾ ಎಂಬ ಓಣಿಯಲ್ಲಿ ಇಳಿಯುತ್ತ ಹೋದರೆ ಅತ್ತಾರೀನ್ ಮದರಸಾ ಸಿಗುತ್ತದೆ. ಅದರ ಮಹಡಿಯ ಪುಟ್ಟ ಕೋಣೆಗಳಲ್ಲಿ ಹಿಂದೆ ವಿದ್ಯಾರ್ಥಿಗಳು ವಾಸವಿದ್ದರು. ಅವರು ಪಾಠ ಕೇಳಲು ಹೋಗುತ್ತಿದ್ದುದು ಪಕ್ಕದ ಕರವಿಯ್ಯೀನ್ ಮಸೀದಿಗೆ. ತಂದೆಯಿಂದ ಬಂದ ಆಸ್ತಿಯಲ್ಲಿ ಫಾತಿಮಾ ಅಲ್-ಫಿಹ್ರಿ ಎಂಬ ಮಹಿಳೆ 859ರಲ್ಲಿ ಇದನ್ನು ಕಟ್ಟಿಸಿದಳೆಂದು ಪ್ರತೀತಿ. ಇಲ್ಲಿ ಬೆಳೆದ ವಿದ್ಯಾಕೇಂದ್ರ ಇಂದು ವಿಶ್ವವಿದ್ಯಾಲಯ. ಮುಸ್ಲಿಮೇತರರಿಗೆ ಮಸೀದಿಯೊಳಗೆ ಪ್ರವೇಶವಿಲ್ಲ. ಬಾಗಿಲಿನಿಂದಲೇ ಅಂಗಳ ನೋಡಬಹುದು.

ಮರುದಿನ ಬೆಳಿಗ್ಗೆ ಚರ್ಮ ಹದಮಾಡುವ ಶುವಾರಾ. ಸುಣ್ಣ, ಪಾರಿವಾಳದ ಹಿಕ್ಕೆ ಕಲಸಿದ ತೊಟ್ಟಿಗಳಲ್ಲಿ ತೊಗಲನ್ನು ನೆನೆಹಾಕಿ ತುಳಿಯುತ್ತಾರೆ. ಸುತ್ತಲಿನ ಅಂಗಡಿಗಳ ಮಹಡಿಯಿಂದ ನೋಡುವವರ ಕೈಗೆ, ವಾಸನೆ ತಡೆಯಲೆಂದು ಪುದೀನಾ ಸೊಪ್ಪು ಬರುತ್ತದೆ. ತುಳಿಯುವವರಿಗೆ ಅದೂ ಇಲ್ಲ. ಬಣ್ಣದ ಚರ್ಮದ ಚಪ್ಪಲಿಯ ಬೆಲೆ ಕೇಳುವ ಮುನ್ನ ಮಕ್ಕಳು ಇದನ್ನು ನೋಡಿರಬೇಕು.

ದಾರಿ ತಪ್ಪಿದರೆ ಗಾಬರಿ ಬೇಡ. ತಲಾ ಕಬೀರಾ ಏರಿದರೆ ಮತ್ತೆ ನೀಲಿ ಬಾಗಿಲೇ.